ಮಿಲಿಟರಿ ಆಯೇರಿ

ಬನಹಟ್ಟ್ಯಾಗ ನಮ್ಮ ಓಣ್ಯಾನ ಮಗ್ಗದ ಸಪ್ಪಳ ನಿಂತ್ರ ಮಲಗಿದ ನಾಯಿಗೋಳೂ ಎದ್ದು ಕುಂದರ್ತಾವು. ಅವತ್ತು ಹಾಡಹಗಲ ಸಪ್ಪಳ ನಿಂತಿತ್ತು. ಕರೆಂಟ ಇತ್ತು, ನೂಲ ಇತ್ತು, ಓಣ್ಯಾಗ ಯಾರೂ ಸತ್ತಿರಲಿಲ್ಲ. ಏನಾತಪಾ ಅಂತ ಕೈಯಾಗಿನ ಮೋಟಾರ ಕೆಳಗಿಟ್ಟು ಹೊರಗ ಬಂದು ನೋಡಿದ್ರ, ಪರಮಾನಂದ ತನ್ನ ನಾಕೂ ಪವರ್‌ಲೂಮ್ ಬಂದ್ ಮಾಡಿ, ಮಂದೀನೆಲ್ಲ ಕಟ್ಟಿ ಮುಂದ ಕೂಡಿಸ್ಕೊಂಡು ಭಾಷಣ ಮಾಡಾಕತ್ತಿದ್ದ.

ಈ ಪರಮಾನಂದ ನನ್ನ ಸಡ್ಡಕ. ಅವನ ಹೇಣ್ತಿ ಶೇವಂತಿ ಅಕ್ಕ, ನನ್ನ ಹೇಣ್ತಿ ರಂಜನಾ ತಂಗಿ. ನಾನು ಶಶಿಕಾಂತ, ಮಗ್ಗದ ಸುಟ್ಟ ಮೋಟಾರಿಗೆ ತಂತಿ ಸುತ್ತಿ ಕೊಡಾಂವ. ಸುಟ್ಟ ಮೋಟಾರ ರಿಪೇರಿ ಆಗತೈತಿ, ಪರಮಾನಂದ ಆಗೂದಿಲ್ಲ. ದೇವರು ಅವಗ ಧೈರ್ಯ ಬುಟ್ಟಿಗಟ್ಟಲೆ ಕೊಟ್ಟು, ಅದನ್ನ ಯಾವಾಗ ಹೊರಗ ತಗೀಬೇಕು ಅನ್ನೂದು ಹೇಳಾಕ ಮರತಾನ.

ಅದು ಎರಡು ಸಾವಿರದ ಹತ್ತನೇ ಇಸ್ವಿ. ಹಿಂದಿನ ದಿನ ಅಂವ ಜಮಖಂಡ್ಯಾಗ ಸಣ್ಣ ಉದ್ದಿಮೆದಾರರ ಶಿಬಿರಕ್ಕ ಹೋಗಿ, ಹೋಳಿಗಿ ಊಟ ಉಂಡು, ಪ್ಲಾಸ್ಟಿಕ್ ಫೈಲೊಂದು ಬಗಲಾಗ ಇಟ್ಗೊಂಡು ಬಂದಿದ್ದ.

"ನೋಡ್ರಪಾ, ಸರಕಾರದ ಕಡೆ ಸಂಶೋಧನಾಕ್ಕಂತ ರೊಕ್ಕ ಸುಮ್ನ ಬಿದ್ದೈತಿ," ಅಂದ. "ಮಿಲಿಟರಿಗೆ ಸೂಜಿಯಿಂದ ಹಿಡದು ಟ್ಯಾಂಕಿನ ತನಕ ಎಲ್ಲಾ ಬೇಕು. ಕೊಡಾವ್ರ ಇಲ್ಲ. ಯಾಕಿಲ್ಲ? ನಾವು ಕೇಳಿಲ್ಲ, ಅದಕ್ಕ."

ಓಣ್ಯಾಗ ಎಲ್ಲಾರಕ್ಕಿಂತ ಹಿರಿಯ ನೇಕಾರ ಮುತ್ತಣ್ಣ. ಅಂವ ಬೀಡಿ ಆರಿಸಿ ಕೇಳಿದ, "ಪರಮಾ, ಟ್ಯಾಂಕ ನೇಯೂದು ಹೆಂಗಪಾ?"

"ಮುತ್ತಣ್ಣ, ಟ್ಯಾಂಕಿಗೆ ಮ್ಯಾಲ ಹೊದಿಕಿ ಬೇಕಲ್ಲ? ಮಳ್ಯಾಗ ಹಂಗ ನಿಂದ್ರಸ್ತಾರೇನು?"

ಮುತ್ತಣ್ಣ ವಿಚಾರ ಮಾಡಿ ಹೌದಂದ. ಹಿರಿಯಾಂವ ಹೌದಂದ ಮ್ಯಾಲ ಓಣಿ ಇಲ್ಲ ಅಂತೈತೇನು.

ವಾರದಾಗ ಪರಮಾನಂದನ ಮಗ್ಗದ ಬಾಗಿಲಕ ಬೋರ್ಡ ಬಿತ್ತು. 'ರಕ್ಷಣಾ ಗುತ್ತಿಗೆ ಹಾಗೂ ಸಂಶೋಧನಾ ಅನುದಾನ ಮಾರ್ಗದರ್ಶನ ಕೇಂದ್ರ.' ಕೇಳಾಕ ಬಂದಾವ್ರಿಗಷ್ಟ ಅಲ್ಲ, ಬರಲಾರದಾವ್ರಿಗೂ ಮಾರ್ಗದರ್ಶನ ಚಾಲೂ ಆತು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗೆ ಅರ್ಜಿ ಬರದುಕೊಟ್ಟ: ಗಡಿಯೊಳಗ ಉಸುಕಿನ ಚೀಲದ ಬದ್ಲಿ ಬೆಲ್ಲದ ಪೆಂಟಿ ಒಟ್ಟಿದ್ರ ಯುದ್ಧ ಇದ್ದಾಗ ಗ್ವಾಡಿ ಆಗತಾವು, ಇಲ್ಲದಾಗ ಚಾಕ್ಕ ಆಗತಾವು. ಖಡಕ್ ರೊಟ್ಟಿ ಬಡಿಯೂ ಹೆಣ್ಮಕ್ಕಳಿಗೆ ಹಿಮದ ಗುಡ್ಡದಾಗ ರೊಟ್ಟಿ ಎಷ್ಟು ವರ್ಷ ತಡೀತೈತಿ ಅನ್ನೂ ಸಂಶೋಧನಾ ಹಚ್ಚಿಕೊಟ್ಟ. ನನ್ನ ಅಂಗಡಿಗೂ ಬಂದ. ನೀರಿನ ಬುಡಕ ಹೋಗು ಹಡಗಿನ ಮೋಟಾರ ನೀ ಯಾಕ ಸುತ್ತಬಾರದು ಅಂದ. ನಾನು ಕೈಯಾಗಿದ್ದ ತಂತಿ ಸಿಂಬಿ ಎತ್ತಿ ತೋರಿಸಿದೆ, ಹ್ವಾದ.

ಯಾವುದಕ್ಕೂ ಉತ್ತರ ಬರಲಿಲ್ಲ. ಒಂದಕ್ಕ ಬಂತು. ಸೈನಿಕರ ಹೆಗಲಿನ ಚೀಲಕ್ಕ ಒಳಗ ಹಚ್ಚೂ ಹತ್ತಿ ಅರಿವಿ ಬೇಕಂತ ಕರೆದಿದ್ರು. ಪರಮಾನಂದ ತನ್ನ ಮಗ್ಗದಾಗ ಒಂದು ತುಂಡ ನೇದು ಕಳಿಸಿದ್ದ. ಅದು ಪಾಸ್ ಆಗಿತ್ತು. ನಾವೆಲ್ಲ ಹೌಹಾರಿದ್ವಿ. ಎಲ್ಲಾರಕ್ಕಿಂತ ಹೆಚ್ಚು ಹೌಹಾರಿದಾಂವ ಪರಮಾನಂದನ, ಆದ್ರ ಮಾರಿ ಮ್ಯಾಲ ಬೀಳಗೊಡಲಿಲ್ಲ. "ನನಗ ಗೊತ್ತ ಇತ್ತು," ಅಂದ.

ಆ ಕಚೇರಿಯವ್ರು ಪಾಸಾದ ತುಂಡನ್ನ ನಡುವ ಕತ್ತರಿಸಿ ಅಂಗಿಗಾಗೂವಷ್ಟು ಒಂದು ಭಾಗ ತಿರುಗಿ ಕಳಿಸಿದ್ರು. ಮೂಲಿಗೆ ದಾರ ಪೋಣಿಸಿ, ತಗಡಿನ ಬಿಲ್ಲಿ ಕಟ್ಟಿ, ಬಿಲ್ಲಿಯೊಳಗ ಕೆಂಪು ಅರಗು ಹೊಯ್ದು ಸಿಂಹದ ಮುದ್ರಿ ಒತ್ತಿದ್ರು. ಮಾಲು ತಯಾರಾದ ಮ್ಯಾಲ ನಾವು ಬರ್ತೀವಿ, ಈ ತುಂಡಿನ ಕೂಡ ಹೋಲಿಸಿ ನೋಡ್ತೀವಿ, ಜ್ವಾಕಿಲೆ ಇಡ್ರಿ ಅಂತ ಹೇಳಿಕಳಿಸಿದ್ರು.

ಬಣ್ಣ ಹಸರಂದ್ರ ಹಸರಲ್ಲ, ಖಾಕಿ ಅಂದ್ರ ಖಾಕಿ ಅಲ್ಲ, ಕುದ್ದು ಹ್ವಾದ ಪುಂಡಿಪಲ್ಯದ ಬಣ್ಣ. ಬೇಕಾದಷ್ಟು ಮಾಲಿಗೆ ನಾಕು ಮಗ್ಗ ಎಲ್ಲಿ ಸಾಲ್ತಾವು? ಪರಮಾನಂದ ಓಣೀನ ಒಪ್ಪಿಸಿದ. ಮುತ್ತಣ್ಣ ಮೊದಲ ಮಾಡಿಕೊಂಡು ಎಲ್ಲಾರೂ ಮಗ್ಗದಾಗಿನ ಸೀರಿ ನೂಲಿನ ಉರುಳಿ, ಅಂದ್ರ ಸೀರಿ ಭೀಮು, ಇಳಿಸಿ ಪುಂಡಿಪಲ್ಯ ಏರಿಸಿದ್ರು. ಯುಗಾದಿಗೆ ಚಾಲೂ ಆಗಿದ್ದು ದೀಪಾವಳಿ ತನಕ ಅದ. ತುಂಡ ತಗದು ನೋಡ್ಕೊಂಡು ನೇಯೋಣ ಅಂತ ಮುತ್ತಣ್ಣ ಅಂದ್ರ, ನೋಡಿ ನೇಯೂದು ಕಲಿಯಾಕ ಬಂದಾವ್ರ ಕೆಲಸ ಅಂತ ಪರಮಾನಂದ ಬಾಯಿ ಮುಚ್ಚಿಸಿದ. ಮನಿ ಮನಿಯೊಳಗ ನೇದ ಅರಿವಿಯ ತಾನು ಒಟ್ಟಿಬಿಟ್ಟು ಕಾಲಿಡಾಕ ಜಾಗಾ ಇರಲಿಲ್ಲ. ಇದನ್ನ ಮಿಲಿಟರಿ ತಗೊಂಡ್ರ ತಗೊಂಡಂಗ, ಇಲ್ಲಾಂದ್ರ ಜಗತ್ತಿನ್ಯಾಗ ಬ್ಯಾರೆ ಗಿರಾಕಿ ಇಲ್ಲ. ಆ ಬಣ್ಣದ ಸೀರಿ ಉಟ್ಗೊಂಡು ಯಾವ ಹೆಣ್ಮಗಳು ಹೊರಗ ಬಿದ್ದಾಳು? ಇಡೀ ಓಣಿಯ ದುಡಿಮಿ ಆ ಒಂದು ಮುದ್ರಿ ತುಂಡಿನ ಮ್ಯಾಲ ನಿಂತಿತ್ತು.

ಆ ತುಂಡನ್ನ ಪರಮಾನಂದ ಎಲ್ಲಿಟ್ಟಿದ್ದ? ಮನ್ಯಾಗ ಕಳ್ಳ ಸೈತ ಕೈ ಹಾಕಲಾರದ ಜಾಗಾ ಅಂತ ಹುಡುಕಿ, ಆಯೇರಿ ಟ್ರಂಕಿನ್ಯಾಗ ಇಟ್ಟಿದ್ದ.

ಆಯೇರಿ ಅರಿವಿ ಅಂದ್ರ ಏನಂತ ಗೊತ್ತಿಲ್ಲದಾವ್ರು ಪುಣ್ಯವಂತರು. ಮದಿವಿ ಇರ್ಲಿ, ಕುಬಸ ಇರ್ಲಿ, ಮನಿ ವಾಸ್ತು ಇರ್ಲಿ, ಬೀಗರು ನೆಂಟರಿಗೆಲ್ಲ ಅರಿವಿ ಮಾಡಬೇಕು. ಗಂಡಸರಿಗೆ ಅಂಗಿ ಅರಿವಿ, ಟಾವೆಲ್, ಟೊಪಗಿ. ಹೆಂಗಸರಿಗೆ ಸೀರಿ, ಖಣ. ಕುಂಕುಮ ಹಚ್ಚಿ, ಕೈಯಾಗ ಕೊಟ್ಟು, ಕಾಲಿಗೆ ಬೀಳಬೇಕು. ತಗೊಂಡಾವ್ರು ಅದನ್ನ ಹೊಲಸ್ತಾರಂತ ತಿಳಕೊಂಡ್ರೇನು? ಟ್ರಂಕಿನ್ಯಾಗ ಇಟ್ಟು, ಮುಂದಿನ ಮದಿವ್ಯಾಗ ಮತ್ತೊಬ್ಬರಿಗೆ ಮಾಡ್ತಾರ. ಅವರು ಇನ್ನೊಬ್ಬರಿಗೆ. ಒಂದೊಂದು ಅಂಗಿ ಅರಿವಿ ಜಮಖಂಡ್ಯಾಗ ಹುಟ್ಟಿ, ಮುಧೋಳದಾಗ ಪ್ರಾಯಕ್ಕ ಬಂದು, ಬೀಳಗ್ಯಾಗ ಮುದುಕ ಆಗಿ, ಒಮ್ಮೆನೂ ಕತ್ತರಿ ಮಾರಿ ನೋಡಲಾರದ ಹರದು ಹೋಗತೈತಿ. ನಮ್ಮ ಜಿಲ್ಲಾದಾಗ ನೇಯೂ ಅರಿವ್ಯಾಗ ಅರ್ಧ ಹಿಂಗ ತಿರಗಾಡಕೋತನ ಐತಿ.

ದೀಪಾವಳಿ ಆದ ಮ್ಯಾಲ ಕಚೇರಿಯಿಂದ ಫೋನ್ ಬಂತು. ವೈಶಾಲಿ ಮೇಡಂ ಅನ್ನೂ ಅಧಿಕಾರಿ ನಾಳೆ ಬರ್ತಾರ, ಮುದ್ರಿ ತುಂಡ ಹೊರಗ ತಗದಿಡ್ರಿ. ಪರಮಾನಂದ ಓಣಿಗೆಲ್ಲ ಕೇಳೂವಂಗ "ತಯಾರ ಐತ್ರಿ" ಅಂತ ಹೇಳಿ ಫೋನ್ ಇಟ್ಟ. ಟ್ರಂಕ ತಗದ. ಒಳಗ ಎರಡು ಡಾಂಬರ ಗುಳಗಿ ಇದ್ವು, ಮತ್ತೇನೂ ಇರಲಿಲ್ಲ.

ಶೇವಂತಕ್ಕ ರಾಟಿ ಮುಂದ ಕುಂತು ಕಂಡಿಕಿಗೆ ನೂಲು ಸುತ್ತಾಕತ್ತಿದ್ಲು. ಕೈ ನಿಂದ್ರಸಲಾರದ ಹೇಳಿದ್ಲು, "ಬಿಲ್ಲಿ ಇದ್ದ ಅರಿವಿ ಅಲ್ಲ? ಹುನ್ನೂರ ಮಾವಗ ಆಯೇರಿ ಮಾಡಿದ್ನೆಲ್ಲ, ಅವರ ಮಗಳ ಮದಿವ್ಯಾಗ."

ಪರಮಾನಂದ ಕೂಗಿದ ಕೂಗು ಮಗ್ಗದ ಸಪ್ಪಳದ ಮ್ಯಾಲ ಕೇಳಿಸ್ತು. "ನಿನಗ ಬುದ್ಧಿ ಐತೇನಬೇ? ದೇಶದ ಮುದ್ರಿ ಅದು. ಓಣಿ ಹಾಳ ಮಾಡಿಟ್ಟಿ." ಮಂದಿ ಬಂದು ಬಾಗಿಲ ತುಂಬ ನಿಂತ್ರು. ಶೇವಂತಕ್ಕ ರಾಟಿ ತಿರುವಕೋತ ಕುಂತ್ಲು, ಕಣ್ಣಾಗ ಮಾತ್ರ ನೀರು ನಿಂತಿತ್ತು. ನನಗ ಕೆಟ್ಟ ಅನಿಸ್ತು. ಅಷ್ಟು ಜ್ವಾಕಿ ಇದ್ದಾಂವ ಹೇಣ್ತಿಗೊಂದು ಮಾತು ಹೇಳಿ ಇಡಬೇಕಿತ್ತು. ಅದನ್ನ ಹೇಳಾಕ ಹೋದ್ರ ಅಂವ ನನ್ನ ಗಾಡಿ ಚಾವಿ ಕೇಳಿದ.

ಹುನ್ನೂರ ಏನು ದೂರಿಲ್ಲ. ತೊಡಕ ಬ್ಯಾರೆ ಇತ್ತು. ಆಯೇರಿ ಕೊಟ್ಟದ್ದು ಎಲ್ಲಿ ಹ್ವಾದ್ರೂ ಅಡ್ಡಿ ಇಲ್ಲ, ತಿರುಗಿ ಕೇಳೂ ಪದ್ಧತಿ ಮಾತ್ರ ಹುಟ್ಟೇ ಇಲ್ಲ. ಕೊಟ್ಟ ಆಯೇರಿ ವಾಪಸ್ ಕೇಳಿದ್ರಂತ ಅಂತ ಒಮ್ಮೆ ಸುದ್ದಿ ಆತಂದ್ರ, ಆ ಮನಿಗೆ ಹೆಣ್ಣು ಕೊಡಾವ್ರೂ ಇಲ್ಲ ತರಾವ್ರೂ ಇಲ್ಲ. ಅದೂ ಹೇಣ್ತಿಯ ಸ್ವಾದರಮಾವ.

"ಹೆಂಗ ಕೇಳ್ತಿ?" ಅಂದೆ.

"ನೀ ಗಾಡಿ ಹೊಡಿ. ಮಾತು ನನಗ ಬಿಡು."

ಅಂವಗ ಮಾತು ಬಿಟ್ಟದ್ದಕ್ಕನ ಮುಂದಿಂದೆಲ್ಲ ಆತು.

ಮಾವ ಲಗಮಪ್ಪ ಕಬ್ಬಿಗೆ ನೀರು ಹಾಸಾಕ ಹೋಗಿದ್ದ. ಅತ್ತಿ ಹೊಳೆವ್ವ ಅಳಿಯಂದ್ರು ಬಂದ್ರಂತ ಚುನಮರಿ ಸೂಸಲ ಮಾಡಿ, ಚಾ ಕೊಟ್ಟು ಎದುರಿಗೆ ಕುಂತ್ಲು.

ಪರಮಾನಂದ ದನಿ ಇಳಿಸಿ ಕೇಳಿದ, "ಅತ್ತಿ, ಮಾವಗ ಮೈ ಗಿಯಿ ಕಡಿಯೂದು ಏನರ ಐತೇನ್ರಿ?"

"ಯಾಕಪಾ?"

"ಮದಿವ್ಯಾಗ ನಾವು ಮಾಡಿದ್ವೆಲ್ಲ ಆ ಹಸರು ಅರಿವಿ, ಅದು ಸಂಶೋಧನಾ ಅರಿವಿರಿ. ಸೊಳ್ಳಿ ಕಡೀಬಾರದಂತ ಮಿಲಿಟರಿಯವ್ರು ಔಷಧ ಹಚ್ಚಿದ್ರು. ಈಗ ನೋಡಿದ್ರ ಸೊಳ್ಳಿ ಸುಮ್ನಾಗ್ಯಾವು, ಅರಿವಿನ ಕಡಿಯಾಕತ್ತೈತಿ. ನಿಮ್ಮ ಕಾಳಜಿ ಆತು, ಓಡಿ ಬಂದ್ವಿ. ಎಲ್ಲೈತಿ ಕೊಡ್ರಿ, ಒಯ್ದು ಸುಟ್ಟ ಬಿಡ್ತೇವಿ."

ನನ್ನ ಚಾ ಮೂಗಿಗೆ ಏರ್ತು. ಅತ್ತಿ ತನ್ನ ಅಂಗೈ ತಿರುವ್ಯಾಡಿ ನೋಡ್ಕೊಂಡ್ಲು.

"ಅದಕ್ಕ ಅನ್ನು. ಶ್ರಾವಣದಾಗ ನಿಮ್ಮ ಮಾವ ಬೆನ್ನ ಕಡೀತೈತಂತ ಕಂಬಕ್ಕ ತಿಕ್ಕಿ ತಿಕ್ಕಿ ಕಂಬ ಸವಿಸ್ಯಾನ."

"ಅಂಗಿ ಹೊಲಿಸಿದ್ರೇನ್ರಿ ಅದನ್ನ?" ಅಂತ ನಾ ಕೇಳಿದೆ.

"ಎಲ್ಲಿ ಹೊಲಿಸ್ತಾರಪಾ, ಮಡಿಕಿನ ಬಿಚ್ಚಿಲ್ಲ. ಮುಧೋಳದ ಹೊಳಬಸಪ್ಪಣ್ಣನ ಮನಿ ವಾಸ್ತುಕ್ಕ ಮಾಡಿ ಬಂದ್ವಿ. ಅಯ್ಯ ನಮ್ಮಪ್ಪ, ಅವರ ಗತಿ ಏನಾಗೇತೋ."

ಜೀವ ಉಳಿಸಾಕ ಬಂದ ಅಳಿಯಂದ್ರನ್ನ ಬರಿಗೈಲೆ ಕಳಿಸ್ತಾಳೇನು? ಇಬ್ಬರಿಗೂ ಕುಂಕುಮ ಹಚ್ಚಿ ಟಾವೆಲ್ಲು ಟೊಪಗಿ ಆಯೇರಿ ಮಾಡಿದ್ಲು. ನಾವು ಗಾಡಿ ಚಾಲೂ ಮಾಡೂವಾಗ ಅತ್ತಿ ಮೊಬೈಲ್ ಕಿವಿಗೆ ಹಚ್ಚಿದ್ದು ಕಂಡೆ. ಅವತ್ತ ನನಗ ತಿಳೀತು, ನನ್ನ ಗಾಡಿ ಎಷ್ಟ ಜೋರ ಓಡಿದ್ರೂ ನಮ್ಮ ಅತ್ತಿ ಹಿಂದ ಅಂತ.

ಹೊಳಬಸಪ್ಪಂದು ಮುಧೋಳದಾಗ ಕಬ್ಬಿನ ಲಾರಿ ಅದಾವು, ಮನಿ ಮುಂದ ಬೇಟಿ ನಾಯಿ ಅದಾವು, ಮೀಸಿ ಅಂತೂ ಲಾರಿಕಿಂತ ಅಗಲ. ಅಂಥಾ ಗಂಡಸು ತೊಯ್ದ ಪಂಚಿ ಉಟ್ಗೊಂಡು ಅಂಗಳದಾಗ ನಿಂತಿದ್ದ. ಮೈತುಂಬ ಬೇವಿನೆಲಿ ಅಂಟಿದ್ವು. ಮನಿ ಮಂದೆಲ್ಲ ಸಾಲು ಹಚ್ಚಿ ಬೇವಿನ ನೀರು ಸುರಕೊಳ್ಳಾಕತ್ತಿದ್ರು. ಟ್ರಂಕಿನ್ಯಾಗಿನ ಆಯೇರಿ ಅರಿವಿ ಅಷ್ಟೂ ಬಿಸಲಿಗೆ ಹರವಿದ್ರು. ಅದರಾಗ ನಾನು ಅವರ ಮನಿ ಮದಿವಿಗೆ ಮಾಡಿದ ಅಂಗಿ ಅರಿವಿನೂ ಇತ್ತು, ಹಂಗ ಹೊಸಾದು.

"ಅಲ್ಲೇ ನಿಂದರ್ರಿ," ಅಂದ ಹೊಳಬಸಪ್ಪ, ಕುತ್ತಿಗಿ ಕೆರಕೋತ. "ಆ ಅರಿವಿ ನೇದಾವ್ರು ನೀವ ಅಲ್ಲೇನು?"

"ಹೌದ್ರಿ."

"ನಿಮಗ ಕಡಿಯೂದಿಲ್ಲೇನು?"

"ನಮಗ ರೂಢಿ ಆಗೇತ್ರಿ," ಅಂದ ಪರಮಾನಂದ. ಇಂಥಾ ಮಾತಿಗೆ ಅಂವ ಒಂದು ಗಳಿಗಿ ತಡಾ ಮಾಡೂದಿಲ್ಲ. "ಅರಿವಿ ಎಲ್ಲೈತ್ರಿ?"

"ಅದು ನಮ್ಮ ಮನ್ಯಾಗ ನಾಕು ದಿನ ಇರಲಿಲ್ಲ. ಬೀಳಗಿ ಕಡೆ ಬಸಗೊಂಡಪ್ಪ ಕಾಕಾ ಗೊಬ್ಬರಕ್ಕಂತ ನಮ್ಮ ಹೊಲದಾಗ ರಾತ್ರಿ ಕುರಿ ತರಬಿದ್ದ. ಜ್ವಾಳದ ಕೂಡ ಅದನ್ನೂ ಕೊಟ್ಟು ಕಳಿಸಿದೆ. ನಾಕ ದಿನಕ್ಕ ಇಷ್ಟು ಕಡಿಯಾಕತ್ತೈತಿ ನೋಡ್ರಿ ನನಗ." ಬೆನ್ನ ತಿರುವಿ ತೋರಿಸಿದ. ಬೆನ್ನ ಮ್ಯಾಲ ಅವನ ಉಗರಿನ ಗೀರು ಬಿಟ್ಟು ಏನೂ ಇರಲಿಲ್ಲ. "ನೀವೇನು ಕಾಳಜಿ ಮಾಡಬ್ಯಾಡ್ರಿ. ನಮ್ಮ ಪರಿಚಯದ ಹೆಲ್ತ್ ಇನ್‌ಸ್ಪೆಕ್ಟರ್ ಪರಸಪ್ಪಗ ಫೋನ್ ಮಾಡೇನಿ. ಎಲ್ಲಿ ನೇಯ್ತಾರೋ ಅಲ್ಲೇ ಬಂದು ನೋಡ್ತಾನಂತ."

ಪರಮಾನಂದ ಆಯೇರಿ ಟೊಪಗಿ ಸರಿ ಮಾಡ್ಕೊಂಡು, "ಛಲೋ ಮಾಡಿದ್ರಿ," ಅಂದ. ಗಾಡಿ ಹತ್ತೂವಾಗ ನೋಡ್ತೇನಿ, ತಾನೂ ಮೊಣಕೈ ಕೆರಕೊಳ್ಳಾಕತ್ತಾನ. ಏನಂತ ಬೈಬೇಕು ಅನ್ನೂದ್ರಾಗ ನನ್ನ ಕೈಯೂ ಕಿವಿ ಹಿಂದ ಹ್ವಾತು.

ಬೀಳಗಿ ಕಡೆ ಹಿನ್ನೀರಿನ ದಂಡಿಗೆ ಬಸಗೊಂಡಪ್ಪನ ಕುರಿ ಮೇಯಾಕತ್ತಿದ್ವು. ಕಾಕಾ ಬೀರೇಶ್ವರನ ಭಕ್ತ, ಹಣಿತುಂಬ ಭಂಡಾರ, ಹೆಗಲ ಮ್ಯಾಲ ಕಂಬಳಿ. ಕಂಬಳಿ ಬುಡಕ ಒಂದು ಚೀಲ ಜೋತಾಡತಿತ್ತು. ಕುದ್ದ ಪುಂಡಿಪಲ್ಯದ ಬಣ್ಣ. ಚೀಲದೊಳಗಿಂದ ಒಂದು ಕುರಿಮರಿ ಕುತ್ತಿಗಿ ಹೊರಗ ಹಾಕಿ ನಮ್ಮನ್ನ ನೋಡಾಕತ್ತಿತ್ತು. ಚೀಲದ ಮೂಲ್ಯಾಗ ತಗಡಿನ ಬಿಲ್ಲಿ, ಬಿಲ್ಲಿಯೊಳಗ ಕೆಂಪು ಅರಗು, ಅರಗಿನ್ಯಾಗ ಸಿಂಹ.

ಇಡೀ ಜಿಲ್ಲಾದಾಗ ಆಯೇರಿ ಅರಿವಿ ಹೊಲಿಸಿದ ಒಬ್ಬನ ಒಬ್ಬ ಮನಶ್ಯಾನ ನಾನು ಅವತ್ತ ನೋಡಿದೆ.

"ಕಾಕಾ," ಅಂದ ಪರಮಾನಂದ, "ಆ ಅರಿವಿ ಕಡೀತೈತ್ರಿ."

"ಯಾರಿಗೆ?"

"ಮುಟ್ಟಿದಾವ್ರಿಗೆ."

"ಮುಂಗಾರಿ ಮಳಿಯಿಂದ ಹೆಗಲಿಗೆ ಐತಿ. ಜಾಲಿ ಮುಳ್ಳಿಗೆ ಸಿಕ್ಕೈತಿ, ಹೊಳಿ ದಾಟೇತಿ. ಇದರಾಗ ಬೆಳದ ಮರಿ ಎಷ್ಟೋ." ಕಾಕಾ ನಮ್ಮಿಬ್ಬರನ್ನೂ ಮ್ಯಾಲಿಂದ ಕೆಳಗಿನ ತನಕ ನೋಡಿದ. "ಕೆರಕೊಳ್ಳಾಕತ್ತಾವ್ರು ನೀವು ಇಬ್ಬರ."

ಸುಳ್ಳು ಅಲ್ಲಿ ನಡೀಲಿಲ್ಲ. ಪರಮಾನಂದ ಖರೆ ಹೇಳಿದ, ಅದೂ ಬೈಕೋತನ ಹೇಳಿದ. ಆ ಬಿಲ್ಲಿ ತೋರಿಸಲಿಲ್ಲ ಅಂದ್ರ ಓಣಿಯ ಮಾಲೆಲ್ಲ ಮಣ್ಣಾಗತೈತಿ, ಚೀಲ ಕೊಡ್ರಿ, ಬದ್ಲಿ ಇಂಥಾವು ಹತ್ತು ಹೊಲಿಸಿ ಕೊಡ್ತೇನಿ ಅಂದ.

"ಹತ್ತರಾಗ ಬಿಲ್ಲಿ ಇರ್ತೈತೇನು?" ಕಾಕಾ 'ಇಲ್ಲ' ಅನ್ನೂ ಉತ್ತರ ಕಾಯಲಿಲ್ಲ. "ಈ ಬಿಲ್ಲಿ ನೋಡಿದಾಗಿಂದ ಗುಡ್ಡದ ಫಾರೆಸ್ಟ ಗಾರ್ಡ ನನಗ ಸಲಾಮ ಹೊಡೀತಾನ. ಯಾವ ಇಲಾಖೆ ಅಂತ ಕೇಳಿದ, ನಾ ಸುಮ್ನ ನಕ್ಕೆ. ಚೀಲ ಕೊಡಾಂಗಿಲ್ಲ. ಬೇಕಂದ್ರ ಚೀಲದ ಕೂಡ ನಾ ಬರ್ತೇನಿ. ಮರಿನೂ ಬರ್ತೈತಿ."

ಕುರಿ ಮಕ್ಕಳಿಗೆ ಬಿಟ್ಟು ಕಾಕಾ ಕಂಬಳಿ ಝಾಡಿಸಿ ಎದ್ದ. ಒಂದು ಗಾಡಿ ಮ್ಯಾಲ ಮೂವರು, ನಡುವ ಒಂದು ಕುರಿಮರಿ, ಆಯೇರಿ ಟೊಪಗಿ ಹಾಕ್ಕೊಂಡು ಬನಹಟ್ಟಿಗೆ ಬಂದ್ವಿ. ದಾರಿ ತುಂಬ ಮರಿ ನನ್ನ ಕಿವ್ಯಾಗ ಒದರಿತು.

ಮರುದಿನ ಓಣಿ ಸಾರಿಸಿ ರಂಗೋಲಿ ಹಾಕಿದ್ರು. ಮೇಡಂಕ್ಕಿಂತ ಮೊದಲ ಪರಸಪ್ಪ ಬಂದ. ಬೆನ್ನಿಗೆ ಔಷಧ ಹೊಡಿಯೂ ಪಂಪ್ ಕಟ್ಕೊಂಡ ಇಬ್ಬರು ಆಳುಗೋಳನ್ನ ಹಿಂದ ಹಾಕ್ಕೊಂಡು ಬಂದು, ಒಟ್ಟಿದ ತಾನಿನ ಮುಂದ ಕೈ ಅಗಲ ಮಾಡಿ ನಿಂತ.

"ಯಾರೂ ಮುಟ್ಟಬ್ಯಾಡ್ರಿ. ಹುನ್ನೂರು, ಮುಧೋಳ ಎರಡೂ ಕಡೆ ಮೈ ಕಡಿತ ಎದ್ದೈತಿ. ಇದು ಸಾಂಕ್ರಾಮಿಕ."

ಯುಗಾದಿಯಿಂದ ಅದ ಅರಿವಿ ಮ್ಯಾಲ ಉಂಡು ಮಲಗಿದ ಮಂದಿ ಇಷ್ಟು ಕೇಳಿದ್ದ ತಡ, ಕೆರಕೊಳ್ಳಾಕ ಚಾಲೂ ಮಾಡಿದ್ರು. ಮುತ್ತಣ್ಣ ಬಾಗಿಲ ಚೌಕಟ್ಟಿಗೆ ಬೆನ್ನ ತಿಕ್ಕಾಕತ್ತ. ಅದ ಹೊತ್ತಿಗೆ ಮೇಡಂನ ಜೀಪ ಬಂದು ನಿಂತಿತು.

ವೈಶಾಲಿ ಮೇಡಂ ಧಾರವಾಡ ಕಡೆಯಾಕಿ. ಸಣ್ಣ ದನಿ, ಆದ್ರ ಎಲ್ಲಾರಿಗೂ ಕೇಳಸ್ತೈತಿ. ಕೆರಕೊಳ್ಳೂ ಓಣೀನ ಒಮ್ಮೆ ನೋಡಿ ಕೇಳಿದ್ಲು, "ಏನಾಗೇದ್ರೀ ಇವರಿಗೆಲ್ಲಾ?"

ಪರಸಪ್ಪ ಮುಂದ ಬಂದ. "ಈ ಅರಿವಿ ಕಡೀತೈತಿ ಮೇಡಂ. ಇವರ ಬಾಯಿಲೆ ಹೇಳ್ಯಾರ."

"ಹಂಗಿದ್ರ ಇವತ್ತು ಪಾಸ್ ಮಾಡ್ಲಿಕ್ಕೆ ಬರೂದಿಲ್ಲ. ಇಂಥಾ ದೂರು ಬಂದಮ್ಯಾಲೆ ಆರ್ಡರ್ರ ರದ್ದು ಮಾಡಬೇಕಾಗ್ತದ."

ಓಣಿ ಒಮ್ಮೆಲೆ ಕೆರಕೊಳ್ಳೂದ ನಿಲ್ಲಿಸ್ತು. ಮುತ್ತಣ್ಣ ಬಾಗಿಲ ಹಿಡಕೊಂಡು ಕೆಳಗ ಕುಂತ. ಎಲ್ಲಾರ ಕಣ್ಣು ಪರಮಾನಂದನ ಮ್ಯಾಲ.

"ಕಡಿಯೂದಿಲ್ರಿ ಮೇಡಂ."

"ಹುನ್ನೂರಾಗ ಕಡೀತೈತಂತ ನೀವ ಹೇಳೀರಲ್ಲ?" ಅಂದ ಪರಸಪ್ಪ.

"ಹುನ್ನೂರಾಗ ಕಡೀತೈತ್ರಿ. ಇಲ್ಲಿ ಕಡಿಯೂದಿಲ್ಲ," ಅಂದ ಪರಮಾನಂದ. ಅಷ್ಟು ಹೇಳಿ ಅವನ ಫೈಲ, ಶಿಬಿರ, ಮಾರ್ಗದರ್ಶನ ಎಲ್ಲಾ ಮುಗದು ಹ್ವಾದ್ವು. ಖರೆ ಹೇಳಬೇಕಂದ್ರ, ಕೊಟ್ಟ ಆಯೇರಿ ತಿರುಗಿ ಕೇಳಾಕ ಹೋಗಿದ್ದೆ ಅಂತ ಇಡೀ ಓಣಿ ಮುಂದ ಒಪ್ಪಬೇಕು.

ರಾಟಿ ನಿಂತ ಸಪ್ಪಳ ಕೇಳ್ತು. ಶೇವಂತಕ್ಕ ಎದ್ದು ಸೆರಗು ಹೊತ್ತು ಹೊರಗ ಬಂದ್ಲು.

"ಕಡಿಯೂದಿಲ್ರಿ ಮೇಡಂ. ಇದರಾಗ ಯಾವ ಔಷಧನೂ ಇಲ್ಲ. ನಿಮ್ಮ ಮುದ್ರಿ ತುಂಡ ಗೊತ್ತಿಲ್ಲದ ನಾನ ಆಯೇರಿ ಮಾಡಿದೆ. ತಿರುಗಿ ಕೇಳಾಕ ನಾಚಿಕಿ ಬಂದು ಇವರು ಕಡೀತೈತಿ ಅಂತ ಸುಳ್ಳ ಹೇಳ್ಯಾರ."

"ಮುದ್ರಿ ಇದ್ದದ್ದು ಆಯೇರಿ ಮಾಡಿದ್ರಾ? ಯಾಕ?"

"ಬ್ಯಾರೆ ಏನಿತ್ರಿ ಮನ್ಯಾಗ? ಯುಗಾದಿಯಿಂದ ನಮ್ಮ ನಾಕು ಮಗ್ಗದಾಗ ಒಂದು ಸೀರಿ ಇಳದಿಲ್ಲ. ಇದ್ದಾವೆಲ್ಲ ಮೊದಲಿನ ಮದಿವಿಗೋಳಿಗೆ ತೀರಿದ್ವು. ನೇಕಾರ ಮನಿ ಹೆಣ್ಮಗಳು ನಾನು, ಸ್ವಾದರಮಾವನ ಮನಿ ಮದಿವಿಗೆ ಬರಿಗೈಲೆ ಹೆಂಗ ಹೋಗ್ಲಿ? ಟ್ರಂಕಿನ್ಯಾಗ ಉಳದದ್ದು ಅದೊಂದ. ಬಿಲ್ಲಿ ನೋಡಿ ಏನೋ ಭಾರಿ ಅರಿವಿ ಅಂತ ತಿಳಕೊಂಡೆ. ಮಾವನ ಕೈಯಾಗ ಇಟ್ಟಾಗ ನನಗ ಎಷ್ಟು ಸಮಾಧಾನ ಆಗಿತ್ತು ಅಂತೀರಿ." ಅಷ್ಟು ಹೇಳಿ ಗಂಡನ ಕಡೆ ತಿರಗಿದ್ಲು. "ಟ್ರಂಕಿನ್ಯಾಗ ಇಟ್ಟೇನಿ ಅಂತ ನನಗೊಂದು ಮಾತ ಹೇಳಿದ್ರ ನಿಮ್ಮ ಗಂಟ ಏನು ಹೋಗತಿತ್ತು?"

ಹೆಂಗಸರು ಒಬ್ಬೊಬ್ಬರ ಸರದು ಅಕಿ ಹಿಂದ ಬಂದು ನಿಂತ್ರು. ಅವರ ಟ್ರಂಕಿನ್ಯಾಗೂ ಬರೇ ಡಾಂಬರ ಗುಳಗಿ ಉಳದಿದ್ವು ಅನ್ನೂದು ಗಂಡಸರಿಗೆ ಅವತ್ತ ಗೊತ್ತಾತು. ನನ್ನ ಹೇಣ್ತಿ ರಂಜನಾನೂ ಅಲ್ಲೇ ಹೋಗಿ ನಿಂತ್ಲು. ನಾನು ನೇಯಾಂವ ಅಲ್ಲ, ಆದ್ರೂ ನನ್ನ ಕಡೆನ ನೋಡಾಕತ್ತಿದ್ಲು.

ಅಷ್ಟರಾಗ ಬಸಗೊಂಡಪ್ಪ ಕಾಕಾ ಕಟ್ಟಿಯಿಂದ ಇಳದು, ಚೀಲ ತಂದು ಮೇಡಂನ ಮುಂದ ಇಟ್ಟ. "ಮಳಿ, ಮುಳ್ಳು, ಹೊಳಿ ಎಲ್ಲಾ ಕಂಡೈತಿ, ಇದರ ಕೂಡ ಮಾತಾಡ್ರಿ," ಅಂದ. ಮರಿ ಹೊರಗ ಜಿಗದು ಪರಸಪ್ಪನ ಬೂಟು ನೆಕ್ಕಾಕ ಹತ್ತಿತು. ಪರಸಪ್ಪ ಬಗ್ಗಿ ಅದರ ಮೈ, ಕಿವಿ, ಹೊಟ್ಟಿ ಎಲ್ಲಾ ತಿರುವಿ ನೋಡಿದ. ಒಂದು ಗುಳ್ಳಿ ಇರಲಿಲ್ಲ. ಪಂಪಿನಾವ್ರಿಗೆ ಕೈ ಸನ್ನಿ ಮಾಡಿದ, ಅವರು ಬೆನ್ನಿನ ಪಂಪ್ ಇಳಿಸಿದ್ರು.

ಮೇಡಂ ಚೀಲದೊಳಗ ಕೈ ಹಾಕಿ ಹೊಲಿಗಿ ಎಳದು ನೋಡಿದ್ಲು. ಆಮ್ಯಾಲ ತನ್ನ ಬ್ಯಾಗ ತಗದು ಒಂದು ತುಂಡ ಹೊರಗ ಹಾಕಿದ್ಲು. ಅದ ಬಣ್ಣ, ಅಂಥಾದ ಬಿಲ್ಲಿ.

"ಇನ್ನೊಂದು ಭಾಗ ಯಾವಾಗ್ಲೂ ನಮ್ಮ ಕಡೆ ಇರ್ತದ್ರಿ. ಕಳದೇದ ಅಂತ ಒಂದು ಫೋನ್ ಮಾಡಿದ್ರ ಮುಗೀತಿತ್ತು."

ನಾನು ಪರಮಾನಂದನ ಕಡೆ ನೋಡಿದೆ. ಅಂವ ಆಕಾಶದ ಕಡೆ ನೋಡಿದ. ಮೂರು ತಾಲೂಕ, ಒಂದು ಕುರಿಮರಿ, ಎರಡು ಟೊಪಗಿ, ನನ್ನ ಸೊಂಟ. ಅವತ್ತ ನಾನು ಅವಗ ಏನಂದೆ ಅನ್ನೂದು ಇಲ್ಲಿ ಬರಿಯಾಕ ಬರೂದಿಲ್ಲ.

ಮೇಡಂ ಒಂದೊಂದ ತಾನು ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಹಿಡದು, ನೂಲು ಎಣಿಸಿ ಹೋಲಿಸಿದ್ಲು. ಕಡೀ ತಾನು ಮಡಚಿ, "ಪಾಸ್," ಅಂದ್ಲು. ಮುತ್ತಣ್ಣ ಕುಂತಲ್ಲೇ ಕಣ್ಣ ಒರಸಿಕೊಂಡ. ಪರಮಾನಂದನ ಎದಿ ಮತ್ತ ಮುಂದ ಬಂತು.

"ಇನ್ನೊಂದು ಮಾತದ," ಅಂದ್ಲು ಮೇಡಂ. "ನಿಮ್ಮದೊಂದು ಸಂಶೋಧನಾ ಅನುದಾನದ ಅರ್ಜಿನೂ ನಮ್ಮಲ್ಲಿ ಅದ. ಈ ಬಟ್ಟೆ ಕಠಿಣ ಪರಿಸರದಾಗ ಬಹಳ ದಿನ ಪರೀಕ್ಷಾ ಆಗೇದ ಅಂತ ಬರದೀರಿ. ಸುಳ್ಳು ಅಂತ ನಾನ ಬಾಜೂಕ ಇಟ್ಟಿದ್ದೆ."

"ನಾನೂ ಸುಳ್ಳಂತನ ಬರದಿದ್ದೆ ಮೇಡಂ," ಅಂದ ಪರಮಾನಂದ. ಜನ್ಮದಾಗ ಮೊದಲನೇ ಸಲ ಕೇಳಲಾರದ ಖರೆ ಹೇಳಿದ.

ಮೇಡಂ ನಕ್ಲು. "ಮಿಷಿನ್ನಿನ ಪರೀಕ್ಷಾ ಎಲ್ಲಾರೂ ಕಳಿಸ್ತಾರ. ಮಳಿ, ಮುಳ್ಳು, ಹೊಳಿ, ಕುರಿ ಯಾರೂ ಕಳಿಸಿರಲಿಲ್ಲ. ಇದನ್ನ ಇನ್ನೊಂದು ವರ್ಷ ನಡಸ್ರಿ, ಅನುದಾನಕ್ಕ ನಾನು ಬರೀತೀನಿ. ಅಜ್ಜಾರ ಚೀಲ ಅಜ್ಜಾರ ಹತ್ರನ ಇರಲಿ." ಕಾಕಾ ಚೀಲ ಎತ್ತಿ ಮರೀನ ಒಳಗ ಹಾಕ್ಕೊಂಡ. ಮೇಡಂ ಪೆನ್ ತಗದ್ಲು. "ಬಟ್ಟೆ ಪರೀಕ್ಷಾಕ್ಕ ಹೊರಗ ಕಳಿಸಿದವರು ಯಾರು? ಅವರ ಹೆಸರ ಮುಖ್ಯ ಸಂಶೋಧಕರು ಅಂತ ಬರೀಬೇಕು."

ಪರಮಾನಂದ ಕಾಲರ್ ಸರಿ ಮಾಡ್ಕೊಂಡು, ಗಂಟಲ ಸಾಪ ಮಾಡಿ, ಒಂದು ಹೆಜ್ಜಿ ಮುಂದ ಬಂದ.

"ಶೇವಂತೆವ್ವ," ಅಂದ ಮುತ್ತಣ್ಣ, ಕುಂತಲ್ಲಿಂದನ.

"ಶೇವಂತೆವ್ವ," ಅಂದ್ರು ಹಿಂದ ನಿಂತ ಹೆಂಗಸರು. ಪರಸಪ್ಪನೂ ಹೌದಂತ ತಲಿ ಹಾಕಿದ.

ಪರಮಾನಂದ ಹೇಣ್ತಿ ಕಡೆ ತಿರಗಿ ನೋಡಿದ. ಅಕಿ ಕೆಳಗ ನೋಡಾಕತ್ತಿದ್ಲು. ಅಂವ ಇಟ್ಟ ಹೆಜ್ಜಿ ಹಿಂದ ತಗೊಂಡು, ಭಾಷಣ ಮಾಡೂ ದನೀಲೆ, "ಬರಕೋರಿ ಮೇಡಂ. ಮುಖ್ಯ ಸಂಶೋಧಕಿ, ಶೇವಂತಿ," ಅಂದ.

ಮೇಡಂ ಬರಕೊಂಡ್ಲು. "ಈ ಸಂಶೋಧನಾ ಹೆಂಗ ನಡೀಬೇಕು ಅಂತ ಇನ್ನ ನೀವ ಹೇಳಬೇಕ್ರಿ. ಏನರ ಹೇಳೂದು ಅದ ಏನು ನಿಮ್ಮದು?"

ಶೇವಂತಕ್ಕ ಸೆರಗು ಸರಿ ಮಾಡ್ಕೊಂಡ್ಲು. ಮೇಡಂಗ ಹೇಳಲಿಲ್ಲ, ಗಂಡಗ ಹೇಳಿದ್ಲು. "ಎರಡು ಮಗ್ಗದಾಗ ಮಿಲಿಟರಿ ನಡೀಲಿ. ಇನ್ನೆರಡಕ್ಕ ನಾಳಿಂದ ಸೀರಿ ಭೀಮು ಏರಸ್ರಿ. ಕೆಂಪು ದಡಿ ಇರಲಿ."

ಹೇಣ್ತಿ ಮಾತಿಗೆ ಪರಮಾನಂದ ಒಮ್ಮೆರ ಹೂಂ ಅಂದದ್ದು ನಾನು ಕೇಳಿರಲಿಲ್ಲ. ಅವತ್ತ ಅಂವ ಅಕಿ ಕಡೆನ ನೋಡಿಕೋತ, ಕೈ ಕಟ್ಟಿ ನಿಂತು, "ಆತ್ರಿ ಮೇಡಂ," ಅಂದ.